ಬುಟ್ಟಿಗೆ ಚೆಂಡು ಹಾಕಿದ ಲೂಸಿಯಾ

(ಬಂಗಾರಪೇಟೆಯ ಒಂದು ಕಲಿಕಾ ಕೇಂದ್ರದಲ್ಲಿ ನಿವೃತ್ತ ಆಟದ ಶಿಕ್ಷಕಿಯೊಬ್ಬರು ಆಡಿದ ಮಾತು)



ಕೆಲಸ ಮುಗಿಸಿ ಬಂದಿದ್ದೀರಿ. ಕೆಲವರು ಟೊಮ್ಯಾಟೊ ಬಿಡಿಸಿ ಬಂದಿದ್ದೀರಿ. ಕೆಲವರು ಡೇರಿಗೆ ಹಾಲು ಹಾಕಿ ಬಂದಿದ್ದೀರಿ. ಇಬ್ಬರು ಮೂವರು ಬೆಂಗಳೂರಿನ ರೈಲು ಇಳಿದು ನೇರ ಇಲ್ಲಿಗೇ ಬಂದಿದ್ದೀರಿ. ಆದ್ದರಿಂದ ನಾನು ಭಾಷಣ ಮಾಡೋದಿಲ್ಲ. ಒಂದು ಕಥೆ ಹೇಳ್ತೀನಿ. ಕಟ್ಟುಕಥೆ ಅಲ್ಲ. ನಡೆದ ಕಥೆ.

ಹೋದ ವಾರ ನಿಮ್ಮಲ್ಲಿ ಒಬ್ಬ ತಾಯಿ ನನ್ನನ್ನು ಕೇಳಿದರು. "ಟೀಚರ್, ನನ್ನ ಮಗಳು ಶಾಲೇಲಿ ಬ್ಯಾಸ್ಕೆಟ್‌ಬಾಲ್ ಆಡ್ತಾಳೆ. ಸಂಜೆ ತಡವಾಗಿ ಬರ್ತಾಳೆ. ಅವಳ ಅಪ್ಪ ಬೈತಾರೆ. ಹೆಣ್ಣು ಹುಡುಗಿ ಚೆಂಡು ಆಡಿ ಏನಾಗ್ಬೇಕು ಅಂತಾರೆ. ನಾನು ಏನು ಹೇಳಲಿ?" ಅಂದರು.

ಮೂವತ್ತು ವರ್ಷ ಮಕ್ಕಳಿಗೆ ಆಟ ಕಲಿಸಿದವಳು ನಾನು. ಆದರೂ ಆಗ ಬಾಯಿಗೆ ಉತ್ತರ ಬರಲಿಲ್ಲ. ಮನೆಗೆ ಹೋಗಿ ಯೋಚನೆ ಮಾಡಿದೆ. ಇವತ್ತು ಉತ್ತರ ತಂದಿದ್ದೇನೆ. ಪೂರ್ತಿ ಉತ್ತರ ಅಲ್ಲ, ಅರ್ಧ ಅನ್ನಿ.

ಮೊದಲು ಆಟದ ವಿಷಯ. ಬ್ಯಾಸ್ಕೆಟ್ ಅಂದರೆ ಬುಟ್ಟಿ. ಬಾಲ್ ಅಂದರೆ ಚೆಂಡು. ಬುಟ್ಟಿಗೆ ಚೆಂಡು ಹಾಕುವ ಆಟ. ಒಂದೊಂದು ಕಡೆ ಐದು ಜನ. ಹತ್ತು ಅಡಿ ಎತ್ತರದಲ್ಲಿ ಒಂದು ಕಬ್ಬಿಣದ ಬಳೆ ಇರುತ್ತದೆ. ಅದಕ್ಕೆ ಬಲೆ ಕಟ್ಟಿರುತ್ತಾರೆ. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವ ಹಾಗಿಲ್ಲ. ನೆಲಕ್ಕೆ ಪುಟಿಸುತ್ತಾ ಓಡಬೇಕು. ಬಳೆಯೊಳಗೆ ಚೆಂಡು ಬಿದ್ದರೆ ಅಂಕ.

ಈ ಆಟ ಹುಟ್ಟಿದ್ದು 1891ರಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ. ಅಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಇದ್ದರು. ಚಳಿಗಾಲ. ಹೊರಗೆ ಹಿಮ. ಹುಡುಗರಿಗೆ ಮನೆಯೊಳಗೆ ಆಡುವ ಆಟ ಬೇಕಿತ್ತು. ಮೇಷ್ಟ್ರು ಪೀಚ್ ಹಣ್ಣು ತುಂಬುವ ಎರಡು ಬುಟ್ಟಿ ತರಿಸಿದರು. ನಮ್ಮಲ್ಲಿ ಟೊಮ್ಯಾಟೊಗೆ ಕ್ರೇಟ್ ಇರುತ್ತದಲ್ಲ, ಹಾಗೆ ಅಲ್ಲಿ ಪೀಚ್ ಹಣ್ಣಿಗೆ ಬುಟ್ಟಿ. ಅವನ್ನು ಎತ್ತರದಲ್ಲಿ ಹೊಡೆಸಿದರು. ಬುಟ್ಟಿಗೆ ತಳ ಇತ್ತು. ಚೆಂಡು ಬಿದ್ದರೆ ಅಲ್ಲೇ ಕೂರುತ್ತಿತ್ತು. ಪ್ರತಿ ಸಲ ಒಬ್ಬರು ಏಣಿ ಹತ್ತಿ ತೆಗೆಯಬೇಕಿತ್ತು! ತಳ ತೆಗೆಯಬೇಕು ಅಂತ ಹೊಳೆಯೋಕೆ ಸ್ವಲ್ಪ ಕಾಲ ಬೇಕಾಯಿತು. ದೊಡ್ಡ ಜನಕ್ಕೂ ಸಣ್ಣ ವಿಷಯ ತಡವಾಗಿ ಹೊಳೆಯುತ್ತೆ, ನೋಡಿ.

ಮರುವರ್ಷವೇ ಹೆಣ್ಣುಮಕ್ಕಳೂ ಆಡಿದರು. ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ತಮ್ಮ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಆಡಿಸಿದರು. ಅಂದರೆ ಇದು ಗಂಡಸರ ಆಟ, ಹೆಂಗಸರು ಆಮೇಲೆ ನುಗ್ಗಿದರು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹುಟ್ಟಿದ ತೊಟ್ಟಿಲಲ್ಲೇ ಹೆಣ್ಣು ಅದನ್ನು ತೂಗಿದ್ದಾಳೆ.

ಈಗ ಕಥೆಯ ಹೆಣ್ಣುಮಗಳು. ಅವಳ ಹೆಸರು ಲೂಸಿಯಾ ಹ್ಯಾರಿಸ್. 1955ರ ಫೆಬ್ರವರಿಯಲ್ಲಿ ಹುಟ್ಟಿದಳು. ಊರು ಮಿಂಟರ್ ಸಿಟಿ. ಹೆಸರಿಗೆ ಸಿಟಿ, ನಿಜಕ್ಕೆ ಹಳ್ಳಿ. ಅಮೆರಿಕದ ಮಿಸಿಸಿಪ್ಪಿ ಎಂಬ ರಾಜ್ಯ. ಅದು ಹತ್ತಿ ಬೆಳೆಯುವ ನಾಡು. ಅಪ್ಪ ವಿಲ್ಲಿ, ಅವ್ವ ಎಥೆಲ್. ಅವರು ವಾರಕ್ಕೆ ಜಮೀನು ಮಾಡುವವರು. ಬೆವರು ಇವರದು, ಬೆಳೆಯಲ್ಲಿ ಪಾಲು ಅವರದು. ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆ ತುಂಬ ಮಕ್ಕಳು. ಹನ್ನೊಂದು ಮಕ್ಕಳಲ್ಲಿ ಲೂಸಿಯಾ ಹತ್ತನೆಯವಳು. ಮಕ್ಕಳೂ ಹತ್ತಿ ಬಿಡಿಸಬೇಕಿತ್ತು.

ಅವರು ಕಪ್ಪು ಜನ. ನಮ್ಮಲ್ಲಿ ಜಾತಿ ಇದ್ದ ಹಾಗೆ ಅಲ್ಲಿ ಬಣ್ಣ. ಕಪ್ಪು ಮಕ್ಕಳಿಗೆ ಬೇರೆ ಶಾಲೆ. ಬಿಳಿ ಮಕ್ಕಳಿಗೆ ಬೇರೆ ಶಾಲೆ. ಕುಡಿಯುವ ನೀರಿನ ನಲ್ಲಿ ಕೂಡ ಬೇರೆ. 1964ರಲ್ಲಿ ಇದರ ವಿರುದ್ಧ ದೊಡ್ಡ ಕಾನೂನು ಬಂತು. ಕಾನೂನು ಬಂದ ಮಾತ್ರಕ್ಕೆ ಮನಸ್ಸು ಬದಲಾಗುತ್ತಾ? ಅದೂ ನಿಮಗೆ ಗೊತ್ತು.

ಲೂಸಿಯಾ ಎತ್ತರದ ಹುಡುಗಿ. ದೊಡ್ಡವಳಾದಾಗ ಆರಡಿ ಮೂರು ಅಂಗುಲ ಇದ್ದಳು. ಶಾಲೆಯಲ್ಲಿ ಮಕ್ಕಳು ಅವಳ ಎತ್ತರ ನೋಡಿ ಆಡಿಕೊಳ್ಳುತ್ತಿದ್ದರು. ಉದ್ದ ಒಂದೇ, ಬೇರೇನೂ ಇಲ್ಲ ಅಂತ ಹಾಡು ಕಟ್ಟಿ ನಗುತ್ತಿದ್ದರು. ನನ್ನನ್ನೂ ತೆಂಗಿನಮರ ಅಂತಿದ್ದರು. ಐದಡಿ ಎಂಟು ಅಂಗುಲಕ್ಕೇ ನನಗೆ ಅಷ್ಟು ಅನ್ನಿಸಿಕೊಳ್ಳೋ ಹಾಗಾಯ್ತು. ಅವಳಿಗೆ ಎಷ್ಟು ಆಗಿರಬೇಡ!

ಮನೆಯ ಅಂಗಳದಲ್ಲಿ ಅಣ್ಣಂದಿರು ಚೆಂಡು ಆಡುತ್ತಿದ್ದರು. ಇವಳೂ ಸೇರಿಕೊಂಡಳು. ರಾತ್ರಿ ಟಿ.ವಿ.ಯಲ್ಲಿ ಆಟ ಬರುತ್ತಿತ್ತು. ಅವ್ವ ಮಲಗಿ ಅನ್ನುತ್ತಿದ್ದಳು. ಇವಳು ಕೌದಿ ಹೊದ್ದುಕೊಂಡು ಕದ್ದು ನೋಡುತ್ತಿದ್ದಳು. ಅವಳಿಗೆ ಒಬ್ಬ ಆಟಗಾರ ಅಂದರೆ ಪ್ರಾಣ. ಅವನ ಹೆಸರು ಆಸ್ಕರ್ ರಾಬರ್ಟ್‌ಸನ್. ಈ ಹೆಸರು ನೆನಪಿಟ್ಟುಕೊಳ್ಳಿ. ನಮ್ಮ ಕೆ.ಜಿ.ಎಫ್‌ನ ರಾಬರ್ಟ್‌ಸನ್‌ಪೇಟೆ ನೆನೆಸಿಕೊಂಡರೆ ಸಾಕು, ಮರೆಯೋದಿಲ್ಲ. ಈ ಮನುಷ್ಯ ಕಥೆಯ ಕೊನೆಗೆ ಮತ್ತೆ ಬರುತ್ತಾನೆ.

ಹೈಸ್ಕೂಲಿನಲ್ಲಿ ಲೂಸಿಯಾ ಚೆನ್ನಾಗಿ ಆಡಿದಳು. ಮುಂದೆ ಕಾಲೇಜು. ಅವಳು ಮೊದಲು ಸೇರಬೇಕು ಅಂದುಕೊಂಡಿದ್ದ ಕಾಲೇಜಿನಲ್ಲಿ ಹೆಣ್ಣುಮಕ್ಕಳ ತಂಡವೇ ಇರಲಿಲ್ಲ. ಅಷ್ಟರಲ್ಲಿ ಡೆಲ್ಟಾ ಸ್ಟೇಟ್ ಎಂಬ ಕಾಲೇಜಿನಿಂದ ಕರೆ ಬಂತು. ಅವಳ ಊರಿಗೆ ಬಹಳ ದೂರವೇನಲ್ಲ.

ಇಲ್ಲಿ ಒಂದು ಉಪಕಥೆ ಇದೆ. ಅದನ್ನು ಬಿಡೋಕೆ ನನಗೆ ಮನಸ್ಸಿಲ್ಲ.

ಆ ಕಾಲೇಜಿನಲ್ಲಿ 1932ಕ್ಕಿಂತ ಮುಂಚೆ ಹೆಣ್ಣುಮಕ್ಕಳ ತಂಡ ಇತ್ತು. ಅದರಲ್ಲಿ ಮಾರ್ಗರೆಟ್ ವೇಡ್ ಎಂಬ ಹುಡುಗಿ ಆಡುತ್ತಿದ್ದಳು. 1932ರಲ್ಲಿ ಕಾಲೇಜಿನವರು ತಂಡ ಮುಚ್ಚಿದರು. ಕಾರಣ ಏನು ಗೊತ್ತಾ? ಈ ಆಟದಲ್ಲಿ ದಣಿವು ಜಾಸ್ತಿ, ಹೆಣ್ಣುಮಕ್ಕಳ ಮೈಗೆ ಆಗೋದಿಲ್ಲ ಅಂತ! ನೀವು ನೀರು ಹೊತ್ತಾಗ, ಸೌದೆ ಹೊತ್ತಾಗ ಯಾರಾದರೂ ಈ ಮಾತು ಹೇಳಿದ್ದಾರಾ? ಹತ್ತಿ ಬಿಡಿಸುವ ಹೆಂಗಸಿಗೆ ಅಲ್ಲಿ ಯಾರೂ ಹೇಳಲಿಲ್ಲ. ಆಟಕ್ಕೆ ಬಂದಾಗ ಮಾತ್ರ ಮೈ ಸೂಕ್ಷ್ಮ ಆಗಿಬಿಡುತ್ತೆ. ಆ ಹುಡುಗಿಯರು ಅತ್ತರು. ಸಿಟ್ಟಿನಲ್ಲಿ ತಮ್ಮ ಆಟದ ಬಟ್ಟೆಗೆ ಬೆಂಕಿ ಹಾಕಿದರು.

ಮಾರ್ಗರೆಟ್ ವೇಡ್ ಶಿಕ್ಷಕಿ ಆದಳು. ಹೈಸ್ಕೂಲ್ ಹುಡುಗಿಯರಿಗೆ ಆಟ ಕಲಿಸಿದಳು. ವರ್ಷ ಕಳೆಯಿತು. 1972ರಲ್ಲಿ ಅಮೆರಿಕದಲ್ಲಿ ಒಂದು ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಶಾಲೆ ಕಾಲೇಜುಗಳಲ್ಲಿ ಹೆಣ್ಣು ಗಂಡು ಅಂತ ಭೇದ ಮಾಡಬಾರದು ಎಂದಿತು ಆ ಕಾನೂನು. 1973ರಲ್ಲಿ ಡೆಲ್ಟಾ ಸ್ಟೇಟ್ ಕಾಲೇಜು ಮತ್ತೆ ಹೆಣ್ಣುಮಕ್ಕಳ ತಂಡ ಕಟ್ಟಿತು. ಕಲಿಸೋಕೆ ಯಾರನ್ನು ಕರೆಯಿತು? ಅದೇ ಮಾರ್ಗರೆಟ್ ವೇಡ್ ಅವರನ್ನು. ಅಷ್ಟು ಹೊತ್ತಿಗೆ ಅವರಿಗೆ ಅರವತ್ತು ದಾಟಿತ್ತು. ಬಟ್ಟೆ ಸುಟ್ಟು 41 ವರ್ಷ ಆಗಿತ್ತು. ಅವರ ಕೈಗೆ ಸಿಕ್ಕಿದ ಹುಡುಗಿ ನಮ್ಮ ಲೂಸಿಯಾ.

ತಂಡದಲ್ಲಿ ಲೂಸಿಯಾ ಒಬ್ಬಳೇ ಕಪ್ಪು ಹುಡುಗಿ. ಉಳಿದವರೆಲ್ಲ ಬಿಳಿಯರು. ಆಟ ಶುರುವಾದ ಮೇಲೆ ಚೆಂಡು ಮಾತ್ರ ಅವಳ ಕೈಗೇ ಬರುತ್ತಿತ್ತು. ಬಳೆಯ ಹತ್ತಿರ ನಿಂತು ಹಿಡಿಯುತ್ತಿದ್ದಳು, ತಿರುಗಿ ಹಾಕುತ್ತಿದ್ದಳು. 1975, 1976, 1977. ಮೂರು ವರ್ಷವೂ ಇಡೀ ಅಮೆರಿಕದ ಹೆಣ್ಣುಮಕ್ಕಳ ಕಾಲೇಜು ತಂಡಗಳಲ್ಲಿ ಡೆಲ್ಟಾ ಸ್ಟೇಟ್ ಗೆದ್ದಿತು. ಒಂದು ಹಂತದಲ್ಲಿ ಸತತವಾಗಿ 51 ಆಟ ಗೆದ್ದರು. ಲೂಸಿಯಾ ಇದ್ದ ನಾಲ್ಕು ವರ್ಷದಲ್ಲಿ ತಂಡ ಆಡಿದ್ದು 115 ಆಟ. ಗೆದ್ದದ್ದು 109. ಸೋತದ್ದು 6. ಈ ಲೆಕ್ಕ ನೀವೇ ಕಳೆದು ನೋಡಿ, ಸರಿ ಬರುತ್ತೆ. ಅವಳೊಬ್ಬಳೇ ಗಳಿಸಿದ ಅಂಕ 2,981.

ಇನ್ನೊಂದು ವಿಷಯ. ಆ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ವಿದ್ಯಾರ್ಥಿಗಳು ಸೇರಿ ಒಬ್ಬ ಹುಡುಗಿಯನ್ನು ಹಬ್ಬದ ರಾಣಿ ಅಂತ ಆರಿಸುತ್ತಾರೆ. ಲೂಸಿಯಾಳನ್ನು ಆರಿಸಿದರು. ಆ ಕಾಲೇಜಿನಲ್ಲಿ ಆ ಪಟ್ಟ ಸಿಕ್ಕ ಮೊದಲ ಕಪ್ಪು ಹುಡುಗಿ ಅವಳು. ಉದ್ದ ಒಂದೇ, ಬೇರೇನೂ ಇಲ್ಲ ಅನ್ನಿಸಿಕೊಂಡವಳು ಕಿರೀಟ ಇಟ್ಟುಕೊಂಡು ನಿಂತಳು.

1976ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್‌ನಲ್ಲಿ ಒಲಿಂಪಿಕ್ಸ್ ನಡೆಯಿತು. ಒಲಿಂಪಿಕ್ಸ್ ಅಂದರೆ ನಾಲ್ಕು ವರ್ಷಕ್ಕೊಮ್ಮೆ ಎಲ್ಲಾ ದೇಶದವರು ಸೇರುವ ಆಟದ ಜಾತ್ರೆ. ಗಂಡಸರ ಬ್ಯಾಸ್ಕೆಟ್‌ಬಾಲ್ ಅಲ್ಲಿ 1936ರಿಂದಲೂ ಇತ್ತು. ಹೆಂಗಸರಿಗೆ ಮೊದಲ ಸಲ ಅವಕಾಶ ಸಿಕ್ಕಿದ್ದು 1976ರಲ್ಲಿ. ಲೆಕ್ಕ ಹಾಕಿ, 40 ವರ್ಷ ತಡ. ಜುಲೈ 19ರಂದು ಅಮೆರಿಕಕ್ಕೂ ಜಪಾನಿಗೂ ಆಟ. ಒಲಿಂಪಿಕ್ಸ್‌ನ ಹೆಂಗಸರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಮೊಟ್ಟಮೊದಲು ಬುಟ್ಟಿಗೆ ಚೆಂಡು ಹಾಕಿದವಳು ಲೂಸಿಯಾ. ಲೋಕದಲ್ಲಿ ಇನ್ನು ಎಷ್ಟು ಸಾವಿರ ಹೆಣ್ಣುಮಕ್ಕಳು ಹಾಕಿದರೂ ಆ ಮೊದಲನೆಯದು ಅವಳದೇ. ಆ ದಿನ ಅವಳ ತಂಡ ಸೋತಿತು ಅನ್ನೋದನ್ನೂ ಹೇಳಿಬಿಡ್ತೀನಿ. ಆದರೂ ಕೊನೆಗೆ ಅವರಿಗೆ ಬೆಳ್ಳಿ ಪದಕ ಬಂತು. ಚಿನ್ನ ಗೆದ್ದವರು ಸೋವಿಯತ್ ದೇಶದವರು.

ಅದೇ 1976ರಲ್ಲಿ ನಮ್ಮ ಬೆಂಗಳೂರಿನಲ್ಲಿ ಏನಾಯಿತು ಗೊತ್ತಾ? ಅಕ್ಟೋಬರ್ 31ರಂದು ಭಾರತದ ಹೆಂಗಸರು ಮೊದಲ ಟೆಸ್ಟ್ ಕ್ರಿಕೆಟ್ ಆಟ ಶುರು ಮಾಡಿದರು. ಎದುರಾಳಿ ವೆಸ್ಟ್ ಇಂಡೀಸ್. ನಮ್ಮ ತಂಡದ ನಾಯಕಿ ಶಾಂತಾ ರಂಗಸ್ವಾಮಿ, ಬೆಂಗಳೂರಿನವರೇ. ಅದೇ ವರ್ಷ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಆದರೆ ಆ ಕಾಲದ ನಮ್ಮ ಆಟಗಾರ್ತಿಯರು ರಿಸರ್ವೇಶನ್ ಇಲ್ಲದ ರೈಲು ಡಬ್ಬಿಯಲ್ಲಿ ಕೂತು ಆಡೋಕೆ ಹೋಗುತ್ತಿದ್ದರು. ದೊಡ್ಡ ಹಾಲಿನಲ್ಲಿ ಸಾಲಾಗಿ ನೆಲದ ಮೇಲೆ ಮಲಗುತ್ತಿದ್ದರು. ಗಂಡಸರ ಕ್ರಿಕೆಟ್ ನೋಡಿಕೊಳ್ಳುವ ಮಂಡಳಿ ಹೆಂಗಸರ ಕ್ರಿಕೆಟ್ಟನ್ನು ತನ್ನ ಕೈಗೆ ತೆಗೆದುಕೊಂಡಿದ್ದು 2006ರಲ್ಲಿ. ಅಮೆರಿಕವಾಗಲಿ, ಬೆಂಗಳೂರಾಗಲಿ, ಆಡೋ ಹೆಣ್ಣಿನ ಕಥೆ ಒಂದೇ ದಾರೀಲಿ ಹೋಗ್ತಿತ್ತು.

ಲೂಸಿಯಾ ಕಥೆಗೆ ಬರೋಣ. 1977. ಕಾಲೇಜು ಮುಗಿಯಿತು. ಅವಳಿಗೆ 22 ವರ್ಷ. ಲೋಕದಲ್ಲಿ ಅವಳಿಗಿಂತ ಚೆನ್ನಾಗಿ ಆಡುವ ಹೆಂಗಸು ಸಿಗೋದು ಕಷ್ಟ. ಈಗ ಹೇಳಿ, ಅವಳು ಮುಂದೆ ಎಲ್ಲಿ ಆಡಬೇಕು?

ಗಂಡುಮಕ್ಕಳಾದರೆ ಸಂಬಳ ಕೊಟ್ಟು ಆಡಿಸುವ ದೊಡ್ಡ ತಂಡಗಳಿದ್ದವು. ಕಾಲೇಜಿನಿಂದ ನೇರ ಅಲ್ಲಿಗೆ ಹೋಗುತ್ತಿದ್ದರು. ಕಾರು, ಬಂಗಲೆ, ಹೆಸರು. ಹೆಂಗಸರಿಗೆ ಅಂಥದ್ದು ಏನೂ ಇರಲಿಲ್ಲ. ಶಾಲೆ ಇತ್ತು, ಕಾಲೇಜು ಇತ್ತು. ಆಮೇಲೆ ರಸ್ತೆಯೇ ಮುಗಿದುಹೋಗಿತ್ತು.

ಆ ವರ್ಷ ಒಂದು ವಿಚಿತ್ರ ನಡೆಯಿತು. ನ್ಯೂ ಆರ್ಲಿಯನ್ಸ್ ಜಾಜ್ ಎಂಬ ಗಂಡಸರ ತಂಡ ತನಗೆ ಬೇಕಾದ ಆಟಗಾರರನ್ನು ಆರಿಸುವಾಗ ಲೂಸಿಯಾಳ ಹೆಸರನ್ನೂ ಬರೆಸಿತು. ಎಲ್ಲಾ ತಂಡಗಳೂ ಸೇರಿ ಆರಿಸಿದ ಪಟ್ಟಿಯಲ್ಲಿ ಅವಳದು 137ನೇ ಹೆಸರು. ದೇಶವೇ ಬಾಯಿ ಮೇಲೆ ಬೆರಳಿಟ್ಟಿತು. ಇದು ಬರೀ ಪ್ರಚಾರದ ಆಟ ಅಂತ ಅವಳಿಗೆ ಅನ್ನಿಸಿತು. ಏಳಡಿ ಗಂಡಸರ ನಡುವೆ ನುಗ್ಗಿ ಆಡುವುದು ತನಗೆ ಬೇಡ ಅನ್ನಿಸಿತು. ಅದೂ ಅಲ್ಲದೆ ಅವಳಿಗೆ ಮದುವೆ ಆಗಿತ್ತು. ಹೊಟ್ಟೆಯಲ್ಲಿ ಮಗು ಇತ್ತು. ಹೋಗೋದಿಲ್ಲ ಅಂದಳು.

ಹೋಗಬೇಕಿತ್ತು ಅಂತ ಕೆಲವರು ಅಂತಾರೆ. ನನಗೆ ಹಾಗೆ ಅನ್ನಿಸೋದಿಲ್ಲ. ಗಂಡಸರ ತಂಡದಲ್ಲಿ ಒಂದು ಮೂಲೆ ಕೊಡುತ್ತೀವಿ ಬಾ ಅನ್ನೋದು ದೊಡ್ಡ ಉಪಕಾರ ಅಲ್ಲ. ಅವಳಿಗೆ ಬೇಕಿದ್ದದ್ದು ಹೆಂಗಸರ ತಂಡ.

ಮುಂದೆ ಅವಳು ತಾನು ಓದಿದ ಕಾಲೇಜಿನಲ್ಲೇ ಕೆಲಸ ಮಾಡಿದಳು. ಹೊಸ ಮಕ್ಕಳನ್ನು ಕಾಲೇಜಿಗೆ ಸೇರಿಸುವ ಕೆಲಸ. ಹೆಂಗಸರಿಗೆ ಅಂತ ಒಂದು ಸಂಬಳದ ಪಂದ್ಯಾವಳಿ ಹುಟ್ಟಿದಾಗ 1979-80ರಲ್ಲಿ ಒಂದು ಕಾಲ ಆಡಿದಳು. ಅದು ಬಹಳ ದಿನ ಬಾಳಲಿಲ್ಲ, ಮುಚ್ಚಿಹೋಯಿತು. ಅಮೆರಿಕದಲ್ಲಿ ಹೆಂಗಸರ ಗಟ್ಟಿ ಪಂದ್ಯಾವಳಿ ಶುರುವಾಗಿದ್ದು 1997ರಲ್ಲಿ. ಅಷ್ಟು ಹೊತ್ತಿಗೆ ಲೂಸಿಯಾಗೆ 42 ವರ್ಷ. ಅವಳು ತನ್ನ ಹಳೇ ಹೈಸ್ಕೂಲಿಗೆ ಹೋಗಿ ಶಿಕ್ಷಕಿ ಆದಳು. ಆಟ ಕಲಿಸಿದಳು. ನಾಲ್ಕು ಮಕ್ಕಳನ್ನು ಬೆಳೆಸಿದಳು.

ನಡುವೆ ಅವಳಿಗೆ ಕಾಯಿಲೆ ಆಯಿತು. ಮನಸ್ಸಿನ ಕಾಯಿಲೆ. ಅದಕ್ಕೆ ಬೈಪೋಲಾರ್ ಅಂತಾರೆ. ಕೆಲವು ದಿನ ಮನಸ್ಸು ಹದ್ದು ಮೀರಿ ಹಾರುತ್ತೆ. ಕೆಲವು ದಿನ ಬಾವಿಗೆ ಬಿದ್ದ ಹಾಗೆ ಕುಸಿಯುತ್ತೆ. ಲೂಸಿಯಾ ಇದನ್ನು ಮುಚ್ಚಿಡಲಿಲ್ಲ. ಚಿಕಿತ್ಸೆ ತೆಗೆದುಕೊಂಡಳು, ಬಾಯಿಬಿಟ್ಟು ಹೇಳಿದಳು. ನಮ್ಮಲ್ಲಿ ಮನೆಯವರಿಗೆ ಹೀಗಾದರೆ ಮೊದಲು ಯಂತ್ರ, ತಾಯತ ಅಂತ ಓಡ್ತೀವಿ. ಇಲ್ಲಿಂದ ರೈಲು ಹತ್ತಿದರೆ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆಸ್ಪತ್ರೆ ಇದೆ. ಮೈಗೆ ಜ್ವರ ಬಂದ ಹಾಗೆ ಇದೂ ಒಂದು ಕಾಯಿಲೆ. ಇದು ಆಟದ ಮಾತಲ್ಲ, ಆದರೂ ಹೇಳಿದೆ.

ಈಗ 1992. ಆಟ ಹುಟ್ಟಿದ ಅದೇ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ಒಂದು ಮಂದಿರ ಇದೆ. ದೇವರ ಮಂದಿರ ಅಲ್ಲ. ಆಟದ ಮಂದಿರ. ಅದಕ್ಕೆ ಹಾಲ್ ಆಫ್ ಫೇಮ್ ಅಂತಾರೆ. ಕೀರ್ತಿ ಮಂದಿರ ಅನ್ನೋಣ. ಬುಟ್ಟಿಯ ಆಟ ಕಂಡುಹಿಡಿದ ನೈಸ್ಮಿತ್ ಮೇಷ್ಟ್ರ ಹೆಸರೇ ಅದಕ್ಕೆ ಇಟ್ಟಿದ್ದಾರೆ. ಬಹಳ ಚೆನ್ನಾಗಿ ಆಡಿದವರ, ಕಲಿಸಿದವರ ಹೆಸರು, ಚಿತ್ರ ಅಲ್ಲಿ ಇಡುತ್ತಾರೆ. ಮುಂದಿನ ತಲೆಮಾರಿನವರು ಬಂದು ನೋಡುತ್ತಾರೆ. ಕ್ರಿಕೆಟ್ಟಿಗೂ ಹೀಗೇ ಒಂದು ಇದೆ. ನಮ್ಮ ಅನಿಲ್ ಕುಂಬ್ಳೆ 2015ರಲ್ಲಿ, ರಾಹುಲ್ ದ್ರಾವಿಡ್ 2018ರಲ್ಲಿ ಅದರೊಳಗೆ ಸೇರಿದರು. ಭಾರತದ ಹೆಂಗಸರಲ್ಲಿ ಮೊದಲು ಸೇರಿದವರು ಮುಂಬೈನ ಡಯಾನಾ ಎಡುಲ್ಜಿ, 2023ರಲ್ಲಿ.

ಇದು ನಮಗೆ ಹೊಸದಲ್ಲ. ಕೋಲಾರದ ಸೀಮೆಯಲ್ಲಿ ಹೊಲದ ಬದುವಿನಲ್ಲಿ, ಕೆರೆ ಏರಿ ಮೇಲೆ ವೀರಗಲ್ಲು ನಿಂತಿವೆ. ದನ ಕಾಯೋಕೆ ಹೋರಾಡಿ ಸತ್ತವನಿಗೆ ಕಲ್ಲು. ಊರು ಉಳಿಸೋಕೆ ಹೋಗಿ ಸತ್ತವನಿಗೆ ಕಲ್ಲು. ಅದೇ ನಮ್ಮ ಹಿರಿಯರ ಕೀರ್ತಿ ಮಂದಿರ. ಹೆಂಗಸರಿಗೂ ಕಲ್ಲು ನಿಲ್ಲಿಸಿದ್ದಾರೆ. ಮಾಸ್ತಿಕಲ್ಲು. ಅದರಲ್ಲಿ ಬಳೆ ತೊಟ್ಟ ಕೈ ಮೇಲೆತ್ತಿರುತ್ತೆ. ಅದು ಯಾರಿಗೆ? ಗಂಡ ಸತ್ತಾಗ ಜೊತೆಗೆ ಸತ್ತವಳಿಗೆ. ಹೆಣ್ಣು ಏನು ಮಾಡಿದಳು ಅಂತ ನೋಡಿ ಕಲ್ಲು ನಿಲ್ಲಿಸಿದ್ದು ಬಹಳ ಕಡಿಮೆ. ನಾನು ಮಾಸ್ತಿಕಲ್ಲಿಗೆ ಕೈ ಮುಗಿಯುತ್ತೇನೆ. ಆದರೆ ಬೈಕೊಂಡು ಮುಗಿಯುತ್ತೇನೆ.

ಸ್ಪ್ರಿಂಗ್‌ಫೀಲ್ಡ್ ಮಂದಿರದಲ್ಲೂ ಹಾಗೇ ಆಗಿತ್ತು. ಮೊದಲು ಬರೀ ಗಂಡಸರು. 1985ರಲ್ಲಿ ಕೆಲವು ಹೆಂಗಸರನ್ನು ಸೇರಿಸಿದರು. ಆಟ ಕಲಿಸಿದವರು ಅಂತ, ಆಟ ಬೆಳೆಸಿದವರು ಅಂತ. ಬಟ್ಟೆ ಸುಟ್ಟ ಮಾರ್ಗರೆಟ್ ವೇಡ್, ಮೊದಲು ಆಡಿಸಿದ ಸೆಂಡಾ ಬೆರೆನ್ಸನ್ ಅವರಲ್ಲಿ ಇದ್ದರು. ಆದರೆ ಆಟಗಾರ್ತಿ ಅಂತ ಒಬ್ಬಳೂ ಇರಲಿಲ್ಲ. 1992ರಲ್ಲಿ ಇಬ್ಬರು ಒಟ್ಟಿಗೆ ಸೇರಿದರು. ಒಬ್ಬಳು ನೇರಾ ವೈಟ್. ಇನ್ನೊಬ್ಬಳು ಲೂಸಿಯಾ ಹ್ಯಾರಿಸ್. ಲೂಸಿಯಾಳನ್ನು ಸಭೆಗೆ ಪರಿಚಯ ಮಾಡಿಸೋಕೆ ಪಕ್ಕದಲ್ಲಿ ನಿಂತವರು ಯಾರು ಅಂದುಕೊಂಡಿರಿ? ಆಸ್ಕರ್ ರಾಬರ್ಟ್‌ಸನ್! ಕೌದಿ ಹೊದ್ದು ಕದ್ದು ನೋಡುತ್ತಿದ್ದ ಹುಡುಗಿ, ಟಿ.ವಿ.ಯೊಳಗಿದ್ದ ಮನುಷ್ಯ. ಇಬ್ಬರೂ ಒಂದೇ ವೇದಿಕೆಯಲ್ಲಿ.

ಇದನ್ನೆಲ್ಲ ನಾನು ತಿಳಿದುಕೊಂಡಿದ್ದು ಹೇಗೆ ಗೊತ್ತಾ? ಅವಳ ಮೇಲೆ ಒಂದು ಸಣ್ಣ ಸಿನಿಮಾ ಬಂದಿದೆ. 22 ನಿಮಿಷದ್ದು. ಹೆಸರು ಬ್ಯಾಸ್ಕೆಟ್‌ಬಾಲ್ ರಾಣಿ ಅಂತ ಅರ್ಥ. ನನ್ನ ಮೊಮ್ಮಗಳು ಫೋನಿನಲ್ಲಿ ತೋರಿಸಿದಳು. ಅದರಲ್ಲಿ ವಯಸ್ಸಾದ ಲೂಸಿಯಾ ಕೂತು ನಗುನಗುತ್ತಾ ಮಾತಾಡುತ್ತಾಳೆ. ಗಂಡಸರ ತಂಡಕ್ಕೆ ಹೋಗಲಿಲ್ಲ ಅಂತ ನನಗೆ ಬೇಜಾರಿಲ್ಲ ಅನ್ನುತ್ತಾಳೆ. ಆದರೆ ನಾನು ಗಂಡಾಗಿದ್ದರೆ ಮುಂದೆ ಆಡೋಕೆ ದಾರಿ ಇರುತ್ತಿತ್ತು, ಹಣವೂ ಇರುತ್ತಿತ್ತು ಅಂತಲೂ ಹೇಳುತ್ತಾಳೆ. ಎರಡೂ ಮಾತು ನಿಜವೇ. 2022ರ ಜನವರಿ 18ರಂದು ಲೂಸಿಯಾ ತೀರಿಕೊಂಡಳು. ಅವಳಿಗೆ 66 ವರ್ಷ. ಮಾರ್ಚ್ ತಿಂಗಳಲ್ಲಿ ಆ ಸಿನಿಮಾಗೆ ಆಸ್ಕರ್ ಎಂಬ ದೊಡ್ಡ ಪ್ರಶಸ್ತಿ ಬಂತು. ನೋಡೋಕೆ ಅವಳು ಇರಲಿಲ್ಲ.

ಸಿನಿಮಾ ಮುಗಿದ ಮೇಲೆ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಅಜ್ಜಿ, ಯಾಕೆ ಅಳ್ತಿದ್ದೀಯ ಅಂದಳು ಮೊಮ್ಮಗಳು. ನನ್ನ ಕಥೆ ಅವಳಿಗೆ ಗೊತ್ತಿರಲಿಲ್ಲ. ನಿಮಗೂ ಹೇಳಿಲ್ಲ. ಈಗ ಹೇಳ್ತೀನಿ.

ನಾನು ಹುಟ್ಟಿದ್ದು ಕೆ.ಜಿ.ಎಫ್‌ನಲ್ಲಿ, ಮಾರಿಕುಪ್ಪಂ ಹತ್ತಿರದ ಒಂದು ಲೈನು ಮನೆಯಲ್ಲಿ. ಅಪ್ಪ ಚಿನ್ನದ ಗಣಿಯಲ್ಲಿ ಕೆಲಸ. ನೆಲದೊಳಗೆ ಬಂಡೆ ಸಿಡಿದರೆ ನಮ್ಮ ಮನೆ ಪಾತ್ರೆ ಅಲುಗಾಡುತ್ತಿದ್ದವು. ಅಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಓಡುತ್ತಿದ್ದಳು. ಕೆ.ಜಿ.ಎಫ್ ಅಂದರೆ ಚಿನ್ನ ಮಾತ್ರ ಅಲ್ಲ, ಆಟವೂ ಹೌದು. ಹಾಕಿ, ಫುಟ್‌ಬಾಲ್, ಬಾಕ್ಸಿಂಗ್. ಗಂಡುಮಕ್ಕಳು ಸಂಜೆ ಆದರೆ ಮೈದಾನದಲ್ಲಿ. ನಾವು ಹೆಣ್ಣುಮಕ್ಕಳು ನೀರಿನ ಸಾಲಿನಲ್ಲಿ, ಬಿಂದಿಗೆ ಇಟ್ಟುಕೊಂಡು ಅವರ ಆಟ ನೋಡುತ್ತಿದ್ದೆವು.

ನನ್ನ ಶಾಲೆಯಲ್ಲಿ ಒಬ್ಬ ಟೀಚರ್ ನಮಗೆ ಬ್ಯಾಸ್ಕೆಟ್‌ಬಾಲ್ ಕಲಿಸಿದರು. ನಾನು ಉದ್ದ ಇದ್ದೆನಲ್ಲ, ತೆಂಗಿನಮರ ಕೆಲಸಕ್ಕೆ ಬಂತು. ಒಂದು ಸಲ ದೊಡ್ಡ ಪಂದ್ಯಕ್ಕೆ ಹುಡುಗಿಯರನ್ನು ಆರಿಸಿದರು. ರಜೆ ಇತ್ತು. ಆರಿಸಿದ ಕಾಗದ ಮನೆಗೆ ಅಂಚೆಯಲ್ಲಿ ಬಂತು. ಇಂಥ ದಿನ, ಇಂಥ ಹೊತ್ತಿಗೆ ಬಂಗಾರಪೇಟೆ ಸ್ಟೇಷನ್‌ಗೆ ಬಾ ಅಂತ ಬರೆದಿತ್ತು. ನಾನು ಅಜ್ಜಿ ಊರಿಗೆ ಹೋಗಿದ್ದೆ. ಅಪ್ಪ ಪಾಳಿಗೆ ಹೋಗಿದ್ದರು. ಅಮ್ಮನಿಗೆ ಓದು ಬರುತ್ತಿರಲಿಲ್ಲ. ಸಾಲದ ನೋಟೀಸೋ ಏನೋ ಅಂತ ಹೆದರಿದಳು. ಅಕ್ಕಿ ಡಬ್ಬದ ಕೆಳಗೆ ಇಟ್ಟಳು. ಯಾರಿಗೂ ತೋರಿಸಲಿಲ್ಲ. ನಾನು ಊರಿಂದ ಬಂದು ಹನ್ನೆರಡು ದಿನ ಆದ ಮೇಲೆ, ಡಬ್ಬ ಒರೆಸುವಾಗ ಕಾಗದ ಸಿಕ್ಕಿತು. ರೈಲು ಹೋಗಿ ಒಂದು ವಾರ ಆಗಿತ್ತು.

ನಾನು ಅಮ್ಮನ ಮೇಲೆ ಕೂಗಾಡಿದೆ. ಎಷ್ಟೋ ವರ್ಷ ಆ ಸಿಟ್ಟು ಇತ್ತು. ಮಾರನೇ ವರ್ಷ ಮದುವೆ ಮಾತು ಬಂತು. ಆಟದ ತಂಡ ಅಲ್ಲಿಗೆ ಮುಗಿಯಿತು. ಆಮೇಲೆ ಹಟ ಹಿಡಿದು ತರಬೇತಿ ಮಾಡಿ ಆಟದ ಟೀಚರ್ ಆದೆ ಅನ್ನಿ. ಆದರೂ ಆ ರೈಲು ನನ್ನ ಕನಸಿನಲ್ಲಿ ಬರುತ್ತಿತ್ತು. ಅಮ್ಮ ಸಾಯುವ ಮುಂಚೆ ಒಂದು ದಿನ ಅವಳೇ ಆ ಮಾತು ಎತ್ತಿದಳು. "ಆ ಕಾಗದ ನನ್ನ ಕೈ ಸುಡ್ತಾ ಇತ್ತು ಕಣಮ್ಮಾ, ಏನು ಬರೆದಿದೆ ಅಂತ ಯಾರನ್ನ ಕೇಳೋದು, ನಾಚಿಕೆ" ಅಂದಳು. ಆವತ್ತು ನನ್ನ ಸಿಟ್ಟು ಹೋಯಿತು. ನಾಚಿಕೆ ಪಡಬೇಕಾದವಳು ಅವಳಲ್ಲ.

ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಪ್ಪನ ಜೊತೆ ಕೆಲಸ ಮಾಡಿದವರ ಮೊಮ್ಮಕ್ಕಳು ಈಗ ಬೆಳಗಿನ ಕತ್ತಲಲ್ಲೇ ರೈಲು ಹಿಡಿದು ಬೆಂಗಳೂರಿಗೆ ಹೋಗುತ್ತಾರೆ. ನಿಮ್ಮಲ್ಲೂ ಕೆಲವರು ಹೋಗುತ್ತೀರಿ.

ಈಗ ಆ ತಾಯಿಯ ಪ್ರಶ್ನೆಗೆ ಬರ್ತೀನಿ. ಆಟ ಆಡಿ ಏನಾಗಬೇಕು?

ಅಮ್ಮಾ, ನಿಮ್ಮ ಯಜಮಾನರಿಗೆ ಸುಳ್ಳು ಆಸೆ ತೋರಿಸಬೇಡಿ. ಆಡಿದವರೆಲ್ಲ ಕೀರ್ತಿ ಮಂದಿರಕ್ಕೆ ಹೋಗೋದಿಲ್ಲ. ಲೂಸಿಯಾಳಂಥ ಲೂಸಿಯಾಗೇ 22ಕ್ಕೆ ದಾರಿ ಮುಗಿಯಿತು. ಮಂದಿರ ಅವಳನ್ನು ಕರೆದಿದ್ದು 37ನೇ ವಯಸ್ಸಿಗೆ. ಇಷ್ಟು ಮಾತ್ರ ಹೇಳಿ. ಆಟ ಇದ್ದದ್ದರಿಂದ ಹತ್ತಿ ಹೊಲದ ಹುಡುಗಿ ಕಾಲೇಜು ಮುಗಿಸಿದಳು, ಮುಂದಿನ ಡಿಗ್ರಿಯನ್ನೂ ಮಾಡಿದಳು, ಸಂಬಳದ ಕೆಲಸ ಹಿಡಿದಳು. ನಮ್ಮ ದೇಶದಲ್ಲೂ ಚೆನ್ನಾಗಿ ಆಡಿದವರಿಗೆ ಕೆಲಸದಲ್ಲಿ ಕ್ರೀಡಾ ಕೋಟಾ ಅಂತ ಇದೆ. ರೈಲ್ವೆಯವರು ಹಾಗೆ ತುಂಬ ಆಟಗಾರ್ತಿಯರನ್ನು ಕೆಲಸಕ್ಕೆ ತೆಗೆದುಕೊಂಡಿದ್ದಾರೆ. ರೈಲ್ವೆ ಹೆಂಗಸರ ಬ್ಯಾಸ್ಕೆಟ್‌ಬಾಲ್ ತಂಡ ಎಷ್ಟೋ ಸಲ ದೇಶಕ್ಕೇ ಮೊದಲು ಬಂದಿದೆ. ಜಂಕ್ಷನ್ ಊರಿನ ಮಂದಿಗೆ ರೈಲ್ವೆ ಕೆಲಸದ ಬೆಲೆ ನಾನು ಹೇಳಬೇಕಾ?

ಸಂಜೆ ತಡವಾಗುತ್ತೆ ಅನ್ನೋ ಭಯ ಸುಳ್ಳಲ್ಲ. ಅದನ್ನು ನಗಬೇಡಿ. ಹುಡುಗಿ ಒಬ್ಬಳೇ ಬರೋದು ಬೇಡ. ಮೂರು ನಾಲ್ಕು ಮನೆಯ ತಾಯಂದಿರು ಸೇರಿ ಸರದಿ ಹಾಕಿಕೊಳ್ಳಿ. ಇವತ್ತು ನೀವು ಹೋಗಿ ಕರೆತನ್ನಿ, ನಾಳೆ ಅವರು. ಅಪ್ಪಂದಿರನ್ನೂ ಒಂದು ದಿನ ಕಳಿಸಿ. ಮಗಳು ಚೆಂಡು ಹಾಕೋದನ್ನು ಒಂದು ಸಲ ಕಣ್ಣಾರೆ ನೋಡಲಿ. ನನ್ನ ಅನುಭವದಲ್ಲಿ, ಬೈಯುವ ಅಪ್ಪಂದಿರಲ್ಲಿ ಅರ್ಧ ಜನ ಮಗಳ ಆಟ ನೋಡಿಯೇ ಇರೋದಿಲ್ಲ.

ಶಾಲೆಯಿಂದ ಕಾಗದ ಬಂದರೆ ಓದಿ. ಕೂಡಿಸಿ ಕೂಡಿಸಿ ಓದಿದರೂ ಸರಿ. ದಿನ ಯಾವುದು, ಹೊತ್ತು ಎಷ್ಟು, ಎಲ್ಲಿಗೆ ಹೋಗಬೇಕು. ಈ ಮೂರು ಮೊದಲು ಹುಡುಕಿ. ಅರ್ಥ ಆಗದ ಪದಕ್ಕೆ ಗೆರೆ ಎಳೆದು ಇಲ್ಲಿಗೆ ತನ್ನಿ. ಅಕ್ಕಿ ಡಬ್ಬದ ಕೆಳಗೆ ಮಾತ್ರ ಇಡಬೇಡಿ.

ಹಾಂ, ಮರೆತಿದ್ದೆ. ಆ 22 ನಿಮಿಷದ ಸಿನಿಮಾವನ್ನು ಮುಂದಿನ ಬುಧವಾರ ಇಲ್ಲೇ ತೋರಿಸೋಣ ಅಂತಿದ್ದೇನೆ. ಮಾತು ಇಂಗ್ಲಿಷಿನಲ್ಲಿದೆ. ನಡುನಡುವೆ ನಿಲ್ಲಿಸಿ ನಾನು ಕನ್ನಡದಲ್ಲಿ ಹೇಳ್ತೀನಿ. ತಮಿಳು, ತೆಲುಗು ಬೇಕಾದವರಿಗೆ ಅದರಲ್ಲೂ ಹೇಳ್ತೀನಿ, ಕೆ.ಜಿ.ಎಫ್‌ನಲ್ಲಿ ಬೆಳೆದವಳಿಗೆ ಅದೇನು ಕಷ್ಟ. ಹೆಣ್ಣುಮಕ್ಕಳನ್ನು ಕರೆತನ್ನಿ. ನಾನು ಒಂದು ಚೆಂಡು ತರ್ತೀನಿ. ಹಿಂದೆ ಕೂತಿರುವ ಅಕ್ಕ ಆಗಲೇ ಕೈ ಎತ್ತಿದ್ದಾರೆ, ನಾವೂ ಆಡಬಹುದಾ ಅಂತ. ಆಡಬಹುದು. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬನ್ನಿ.